ಸಿಗ್ನಲ್‌ನಲ್ಲಿ ಆಫ್ ಆಗೋ ಕಾರು: ಹಳೆಯ ಮಿಯಾಟಾದ ಐಡ್ಲಿಂಗ್ ಕಾಯಿಲೆ ಹುಡುಕೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ ಇಲ್ಲಿದೆ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಿದ್ದು ಬಿಟ್ಟರೆ ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇವೆ.)

ನಿರೂಪಕಿ: ಇವತ್ತು ಒಂದು ಸಣ್ಣ ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಗಾಡಿ ಓಡುವಾಗ ಚೆನ್ನಾಗೇ ಓಡುತ್ತೆ, ಆದ್ರೆ ಸಿಗ್ನಲ್‌ನಲ್ಲಿ ನಿಂತ ತಕ್ಷಣ ಗುರ್ ಅಂತ ಏರುತ್ತೆ, ಇಳಿಯುತ್ತೆ, ಕೊನೆಗೆ ಕೆಮ್ಮಿ ಆಫ್ ಆಗುತ್ತೆ. ಹೀಗಾಗಿದ್ಯಾ? ಗ್ಯಾರೇಜ್ ಭಾಷೇಲಿ ಹೇಳೋದಾದ್ರೆ ‘ಐಡ್ಲಿಂಗ್ ನಿಲ್ತಾ ಇಲ್ಲ’. ಇವತ್ತಿನ ಅತಿಥಿ ಮೂಲತಃ ದಾವಣಗೆರೆಯವರು, ಈಗ ಅಮೆರಿಕದ ಮಿಷಿಗನ್‌ನಲ್ಲಿ ಇಂಜಿನಿಯರ್. ಅವರ ಹತ್ರ 1991ರ ಒಂದು ಸ್ಪೋರ್ಟ್ಸ್ ಕಾರ್ ಇದೆ. ಅದನ್ನ ಮಾರೇಬಿಡೋಣ ಅಂತ ಒಂದು ಹಂತದಲ್ಲಿ ತೀರ್ಮಾನ ಮಾಡಿದ್ರಂತೆ. ಸರ್, ನಮಸ್ಕಾರ. ಮೊದಲು ಕಾರಿನ ಪರಿಚಯ ಮಾಡಿಕೊಡಿ.

ಅತಿಥಿ: ನಮಸ್ಕಾರ. ಕಾರು ಮಜ್ದಾ ಎಂಎಕ್ಸ್-5 ಮಿಯಾಟಾ. ಮಜ್ದಾ ಅಂದ್ರೆ ನಮ್ಮೂರ ಕಡೆ ಹಳಬರಿಗೆ ನೆನಪಾಗೋದು ಸ್ವರಾಜ್ ಮಜ್ದಾ ಮಿನಿ ಬಸ್ಸು. ಇದು ಅದಕ್ಕೆ ಪೂರ್ತಿ ವಿರುದ್ಧ. ಎರಡೇ ಸೀಟು, ಬಟ್ಟೆಯ ಚಾವಣಿ, ಬಟನ್ ಒತ್ತಿದ್ರೆ ಕಣ್ಣು ಬಿಟ್ಟ ಹಾಗೆ ಮೇಲೆದ್ದು ಬರುವ ಹೆಡ್‌ಲೈಟು. 1989ರ ಫೆಬ್ರವರಿಯಲ್ಲಿ ಶಿಕಾಗೋ ಆಟೊ ಶೋನಲ್ಲಿ ಇದನ್ನು ಮೊದಲು ತೋರಿಸಿದ್ರು. ಜಪಾನಿನಲ್ಲಿ ಯೂನೋಸ್ ರೋಡ್‌ಸ್ಟರ್ ಅಂತ ಮಾರಿದ್ರು. ಮೊದಲ ತಲೆಮಾರು 1997ರವರೆಗೆ ಬಂತು. ಎಲ್ಲ ತಲೆಮಾರು ಸೇರಿ 2016ರಲ್ಲಿ ಹತ್ತು ಲಕ್ಷದ ಕಾರು ಕಾರ್ಖಾನೆಯಿಂದ ಹೊರಬಂತು. ನನ್ನದು 1.6 ಲೀಟರ್ ಇಂಜಿನ್ನಿನ, ಮ್ಯಾನ್ಯುವಲ್ ಗೇರಿನ ಗಾಡಿ.

ನಿರೂಪಕಿ: ಮತ್ತೆ ಮಾರಿಬಿಡೋಣ ಅನ್ನಿಸಿದ್ದು ಯಾಕೆ?

ಅತಿಥಿ: ಭಯದಿಂದ. ಇಲ್ಲಿ ರಸ್ತೆಯ ಬಲಗಡೆ ಓಡಿಸ್ತೀವಲ್ವಾ, ಹಾಗಾಗಿ ಎಡಕ್ಕೆ ತಿರುಗಬೇಕಾದ್ರೆ ಎದುರಿನ ವಾಹನಗಳನ್ನು ದಾಟಿ ಹೋಗಬೇಕು. ಒಂದು ಶನಿವಾರ ಮಗಳು ಪಕ್ಕದಲ್ಲಿದ್ಲು. ಕ್ಲಚ್ ಒತ್ತಿ, ನಿಧಾನ ಮಾಡಿ, ಎಡಕ್ಕೆ ತಿರುಗಿಸಿದೆ. ಅರ್ಧ ತಿರುಗುವಷ್ಟರಲ್ಲಿ ಇಂಜಿನ್ ಸದ್ದೇ ಇಲ್ಲ. ಸ್ಟೀರಿಂಗ್ ಕಲ್ಲಿನ ಹಾಗೆ ಬಿಗಿಯಾಯ್ತು. ಎದುರಿಂದ ಒಂದು ಪಿಕಪ್ ಟ್ರಕ್ ಬರ್ತಾ ಇತ್ತು. ಆ ಚಾಲಕ ಬ್ರೇಕ್ ಹಾಕಿದ, ಬದುಕಿದ್ವಿ. ಮಗಳು ಕೇಳಿದ್ದು ಒಂದೇ ಮಾತು: ‘ಅಪ್ಪಾ, ಇದು ಮತ್ತೆ ಹೀಗೆ ಆಗುತ್ತಾ?’ ಆಗಲ್ಲ ಅಂತ ಹೇಳೋ ಧೈರ್ಯ ನನಗಿರಲಿಲ್ಲ.

ನಿರೂಪಕಿ: ಇಂಜಿನ್ ಆಫ್ ಆದ್ರೆ ಸ್ಟೀರಿಂಗ್ ಯಾಕೆ ಬಿಗಿಯಾಗುತ್ತೆ?

ಅತಿಥಿ: ಪವರ್ ಸ್ಟೀರಿಂಗ್ ಪಂಪನ್ನು ತಿರುಗಿಸೋದು ಇಂಜಿನ್ನೇ. ಬ್ರೇಕ್ ಬೂಸ್ಟರ್‌ಗೆ ಬಲ ಬರೋದೂ ಇಂಜಿನ್ ಗಾಳಿ ಎಳೆದುಕೊಳ್ಳುವ ಶಕ್ತಿಯಿಂದ. ಆಫ್ ಆದ ಮೇಲೆ ಒಂದೆರಡು ಸಲ ಬ್ರೇಕ್ ಒತ್ತುವಷ್ಟು ಬಲ ಬೂಸ್ಟರ್‌ನಲ್ಲಿ ಉಳಿದಿರುತ್ತೆ. ಆಮೇಲೆ ಪೆಡಲ್ ಗಟ್ಟಿಯಾಗುತ್ತೆ. ಬ್ರೇಕ್ ಇಲ್ಲ ಅಂತಲ್ಲ, ಎರಡೂ ಕಾಲು ಕೊಟ್ಟು ತುಳಿಯೋ ಹಾಗಾಗುತ್ತೆ. ಅದಕ್ಕೇ ಐಡ್ಲಿಂಗ್ ತೊಂದರೆಯನ್ನ ಬರೀ ಕಿರಿಕಿರಿ ಅಂತ ತಳ್ಳಿಹಾಕಬಾರದು.

ಐಡ್ಲಿಂಗ್ ಅಂದ್ರೆ ಏನು?

ನಿರೂಪಕಿ: ಸರಿ, ಬೇಸಿಕ್‌ನಿಂದ ಬರೋಣ. ಕಾಲು ಆಕ್ಸಿಲರೇಟರ್ ಮೇಲಿಲ್ಲ. ಆದ್ರೂ ಇಂಜಿನ್ ಓಡ್ತಾ ಇರುತ್ತೆ. ಹೇಗೆ?

ಅತಿಥಿ: ಪೆಟ್ರೋಲ್ ಇಂಜಿನ್ನಿಗೆ ನಾವು ಕಾಲಿನಿಂದ ಕೊಡೋದು ಪೆಟ್ರೋಲ್ ಅಲ್ಲ, ಗಾಳಿ. ಆಕ್ಸಿಲರೇಟರ್ ಒತ್ತಿದ್ರೆ ಥ್ರಾಟಲ್ ಬಾಡಿಯೊಳಗಿನ ಒಂದು ದುಂಡನೆ ತಟ್ಟೆ ಬಾಗಿಲಿನ ಹಾಗೆ ತೆರೆಯುತ್ತೆ. ಎಷ್ಟು ಗಾಳಿ ಬಂತು ಅಂತ ಮೀಟರ್ ಅಳೆಯುತ್ತೆ. ಕಾರಿನ ಕಂಪ್ಯೂಟರ್, ಅಂದ್ರೆ ಇಸಿಯು, ಆ ಅಳತೆ ನೋಡಿ ಪೆಟ್ರೋಲ್ ಬಿಡುತ್ತೆ. ಪೂರ್ತಿ ಉರಿಯಬೇಕಾದ್ರೆ ತೂಕದ ಲೆಕ್ಕದಲ್ಲಿ ಸುಮಾರು 14.7 ಪಾಲು ಗಾಳಿಗೆ ಒಂದು ಪಾಲು ಪೆಟ್ರೋಲ್ ಬೇಕು.

ಕಾಲು ತೆಗೆದಾಗ ಆ ಬಾಗಿಲು ಮುಚ್ಚಿಕೊಳ್ಳುತ್ತೆ. ಆದ್ರೂ ಇಂಜಿನ್ ಉಸಿರಾಡಬೇಕಲ್ಲ? ಅದಕ್ಕೆ ಬಾಗಿಲಿನ ಪಕ್ಕದಲ್ಲಿ ಸಣ್ಣ ಕಳ್ಳದಾರಿಗಳಿವೆ. ನನ್ನ ಕಾರಿನಲ್ಲಿ ಮೂರು. ಒಂದು, ಸ್ಕ್ರೂ ತಿರುಗಿಸಿ ಹೊಂದಿಸುವ ದಾರಿ. ಎರಡು, ಮೇಣ ತುಂಬಿದ ಒಂದು ವಾಲ್ವ್. ಇಂಜಿನ್ ತಣ್ಣಗಿದ್ದಾಗ ಅದು ತೆರೆದಿರುತ್ತೆ. ಕೂಲೆಂಟ್ ಬಿಸಿಯಾದ ಹಾಗೆ ಮೇಣ ಹಿಗ್ಗಿ ಮುಚ್ಚುತ್ತೆ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಆರ್‌ಪಿಎಂ ಜಾಸ್ತಿ ಇದ್ದು, ಆಮೇಲೆ ಇಳಿಯೋದು ಇದರಿಂದಲೇ. ಮೂರು, ಇಸಿಯು ಮಾತು ಕೇಳುವ ವಿದ್ಯುತ್ ವಾಲ್ವ್. ಹೆಡ್‌ಲೈಟ್ ಹಾಕಿದ್ರೆ, ಏಸಿ ಹಾಕಿದ್ರೆ, ಸ್ಟೀರಿಂಗ್ ತಿರುಗಿಸಿದ್ರೆ ಇಂಜಿನ್ ಮೇಲೆ ಭಾರ ಬೀಳುತ್ತೆ. ಆಗ ಇದು ಸ್ವಲ್ಪ ಹೆಚ್ಚು ಗಾಳಿ ಬಿಟ್ಟು ಇಂಜಿನ್ ಕುಸಿಯದ ಹಾಗೆ ನೋಡಿಕೊಳ್ಳುತ್ತೆ.

ನಿರೂಪಕಿ: ಎಲ್ಲ ಸರಿ ಇದ್ರೆ ಆರ್‌ಪಿಎಂ ಎಷ್ಟಿರಬೇಕು?

ಅತಿಥಿ: ಇಂಜಿನ್ ಬಿಸಿಯಾದ ಮೇಲೆ 850. ಐವತ್ತು ಆಚೀಚೆ ಆದ್ರೆ ಪರವಾಗಿಲ್ಲ. ಸೆಕೆಂಡಿಗೆ ಹದಿನಾಲ್ಕು ಸುತ್ತು. ಒಂದು ಉರಿ ತಪ್ಪಿದ್ರೂ ಗೊತ್ತಾಗುತ್ತೆ. ವೇಗವಾಗಿ ಓಡುವಾಗ ಮುಚ್ಚಿಹೋಗುವ ಸಣ್ಣಪುಟ್ಟ ದೋಷಗಳು ಐಡಲ್‌ನಲ್ಲಿ ಹೊರಗೆ ಬರೋದು ಇದಕ್ಕೇ.

‘ಸ್ಕ್ರೂ ತಿರುಗಿಸಿದ್ರೆ ಸರಿಹೋಗುತ್ತೆ ಸಾರ್’

ನಿರೂಪಕಿ: ಹಾಗಾದ್ರೆ ಆ ಸ್ಕ್ರೂ ತಿರುಗಿಸಿ ಸ್ವಲ್ಪ ಏರಿಸಿಬಿಟ್ರೆ ಆಯ್ತಲ್ಲ? ನಾವೆಲ್ಲ ಬೈಕಿಗೆ ಮಾಡಿಸೋದು ಅದನ್ನೇ.

ಅತಿಥಿ: ನಾನೂ ಅದೇ ಮಾಡಿಸಿದೆ. ನಮ್ಮ ಅಪ್ಪನ ಹತ್ರ ಮೈಸೂರಿನಲ್ಲಿ ತಯಾರಾದ ಯೆಜ್ಡಿ ಇತ್ತು. ಪ್ರತಿ ತಿಂಗಳೂ ಮೆಕ್ಯಾನಿಕ್ ಸ್ಕ್ರೂಡ್ರೈವರ್ ತೆಗೆದು ಕಾರ್ಬುರೇಟರ್ ಸ್ಕ್ರೂ ಕಾಲು ಸುತ್ತು ತಿರುಗಿಸೋರು. ‘ಹೋಗಿ ಬನ್ನಿ ಸಾರ್’ ಅನ್ನೋರು. ಮುಂದಿನ ತಿಂಗಳು ಮತ್ತೆ ಅದೇ ಕತೆ. ಆ ಅಭ್ಯಾಸ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು. ಇಲ್ಲೂ ಒಂದು ಗ್ಯಾರೇಜಿನಲ್ಲಿ ಐಡಲ್ ಏರಿಸಿ ಕೊಟ್ರು. ಎರಡು ವಾರ ಚೆನ್ನಾಗಿತ್ತು. ಆಮೇಲೆ ಶುರುವಾಗಿದ್ದೇ ಆ ಶನಿವಾರದ್ದು.

ಸ್ಕ್ರೂ ತಿರುಗಿಸೋದು ಜ್ವರಕ್ಕೆ ಮಾತ್ರೆ ನುಂಗಿದ ಹಾಗೆ. ಮೈ ಬಿಸಿ ಇಳಿಯುತ್ತೆ, ಜ್ವರ ಯಾಕೆ ಬಂತು ಅಂತ ಗೊತ್ತಾಗಲ್ಲ. ಜೊತೆಗೆ ಇನ್ನೊಂದು ತೊಂದರೆ ಇದೆ. ಸ್ಕ್ರೂ ತಿರುಗಿಸಿದ ಮೇಲೆ ಮೂಲ ಲಕ್ಷಣವೇ ಬದಲಾಗುತ್ತೆ. ಮುಂದೆ ಹುಡುಕೋರಿಗೆ ದಾರಿ ತಪ್ಪುತ್ತೆ.

ನಿರೂಪಕಿ: ಆಮೇಲೆ ಏನು ಮಾಡಿದ್ರಿ?

ಅತಿಥಿ: ಇನ್ನೂ ದೊಡ್ಡ ತಪ್ಪು. ಯಾರೋ ವಾಲ್ವ್ ಹೋಗಿದೆ ಅಂದ್ರು, ಸೆಕೆಂಡ್ ಹ್ಯಾಂಡ್ ವಾಲ್ವ್ ತಂದು ಹಾಕಿದೆ. ಪ್ಲಗ್ ಬದಲಾಯಿಸಿದೆ. ಏನೇನೋ ಸೇರಿ ಸುಮಾರು 400 ಡಾಲರ್ ಖರ್ಚಾಯ್ತು. ತೊಂದರೆ ಹಾಗೇ ಇತ್ತು. ಪರೀಕ್ಷೆ ಮಾಡದೆ ಬಿಡಿಭಾಗ ಬದಲಾಯಿಸೋದು ಅಂದ್ರೆ ಕತ್ತಲಲ್ಲಿ ಕಲ್ಲು ಹೊಡೆದ ಹಾಗೆ.

ಮೊದಲು ಲಕ್ಷಣ ಓದಿ

ನಿರೂಪಕಿ: ಈಗ ಸರಿಯಾದ ದಾರಿ ಹೇಳಿ. ಎಲ್ಲಿಂದ ಶುರು ಮಾಡ್ಬೇಕು?

ಅತಿಥಿ: ಟೂಲ್ ಮುಟ್ಟೋಕ್ಕಿಂತ ಮುಂಚೆ ಒಂದು ಹಾಳೆ ತಗೊಳ್ಳಿ. ಫೋನಲ್ಲಾದ್ರೂ ಬರ್ಕೊಳ್ಳಿ. ತಣ್ಣಗಿದ್ದಾಗ ಆಗುತ್ತಾ, ಬಿಸಿಯಾದ ಮೇಲಾ? ನಿಂತಲ್ಲೇ ಆಗುತ್ತಾ, ಕ್ಲಚ್ ಒತ್ತಿದಾಗ ಮಾತ್ರಾನಾ? ಲೈಟ್ ಹಾಕಿದ್ರೆ ಹೆಚ್ಚಾಗುತ್ತಾ? ಸಾಮಾನ್ಯವಾಗಿ ಮೂರು ಬಗೆ ಕಾಣುತ್ತೆ.

ಮೊದಲನೆಯದು, ಐಡಲ್ ಯಾವಾಗಲೂ ಎತ್ತರದಲ್ಲೇ ಇರೋದು. ಅಂದ್ರೆ ಎಲ್ಲಿಂದಲೋ ಹೆಚ್ಚು ಗಾಳಿ ಒಳಗೆ ಹೋಗ್ತಾ ಇದೆ. ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿರಬಹುದು. ಕೂಲೆಂಟ್ ಕಡಿಮೆಯಾಗಿ ಮೇಣದ ವಾಲ್ವ್‌ಗೆ ಬಿಸಿ ತಲುಪದೆ ಅದು ತೆರೆದೇ ಉಳಿದಿರಬಹುದು. ಇಲ್ಲಾ ಯಾರಾದ್ರೂ ಸ್ಕ್ರೂ ತಿರುಗಿಸಿರಬಹುದು.

ಎರಡನೆಯದು, ಉಯ್ಯಾಲೆ. ಆರ್‌ಪಿಎಂ ಏರುತ್ತೆ, ಇಳಿಯುತ್ತೆ, ಮತ್ತೆ ಏರುತ್ತೆ. ಇದರ ಗುಟ್ಟು ಹೀಗಿದೆ. ಕಾಲು ಪೆಡಲ್ ಮೇಲಿಲ್ಲ, ಆದ್ರೆ ಆರ್‌ಪಿಎಂ ಜಾಸ್ತಿ ಇದೆ ಅಂದ್ರೆ ಇಸಿಯು ‘ಓಹೋ, ಇಳಿಜಾರಲ್ಲಿ ಇಳೀತಾ ಇದ್ದಾರೆ’ ಅಂದುಕೊಂಡು ಪೆಟ್ರೋಲ್ ನಿಲ್ಲಿಸುತ್ತೆ. ಆರ್‌ಪಿಎಂ ಬೀಳುತ್ತೆ. ಬಿದ್ದ ತಕ್ಷಣ ಮತ್ತೆ ಬಿಡುತ್ತೆ. ಹೆಚ್ಚಿನ ಗಾಳಿ ಇನ್ನೂ ಇರೋದ್ರಿಂದ ಮತ್ತೆ ಏರುತ್ತೆ.

ಮೂರನೆಯದು, ಕ್ಲಚ್ ಒತ್ತಿದಾಗ ಆರ್‌ಪಿಎಂ 850ರಲ್ಲಿ ನಿಲ್ಲದೆ ಕೆಳಗೆ ಜಾರಿ ಆಫ್ ಆಗೋದು. ನನ್ನದು ಇದು. ಇಲ್ಲಿ ಅಳತೆಗೆ ಸಿಗದ ಗಾಳಿ, ಕೊಳೆ ಕಟ್ಟಿದ ಥ್ರಾಟಲ್ ಬಾಡಿ, ಅಂಟಿಕೊಂಡ ವಾಲ್ವ್, ಕೆಟ್ಟ ಥ್ರಾಟಲ್ ಸ್ವಿಚ್, ಈ ನಾಲ್ಕನ್ನ ಅನುಮಾನಿಸಬೇಕು.

ಖರ್ಚಿಲ್ಲದ್ದು ಮೊದಲು

ನಿರೂಪಕಿ: ಒಂದೊಂದಾಗಿ ಹೇಳಿ ಸರ್, ಕೇಳುಗರು ಬರ್ಕೊಳ್ಳಲಿ.

ಅತಿಥಿ: ಮೊದಲು ಸುರಕ್ಷತೆ. ಗಾಡಿ ನ್ಯೂಟ್ರಲ್‌ನಲ್ಲಿ, ಹ್ಯಾಂಡ್ ಬ್ರೇಕ್ ಎಳೆದಿರಬೇಕು. ತೋಳಿನ ಬಟ್ಟೆ, ಬಿಚ್ಚಿದ ಕೂದಲು ಫ್ಯಾನ್ ಹತ್ರ ಬರಬಾರದು. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಲೇಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ. ನಿದ್ದೆ ಬಂದ ಹಾಗೆ ಪ್ರಾಣ ತೆಗೆಯುತ್ತೆ.

ಒಂದು: ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಕೂಲೆಂಟ್ ತುಂಬಿದೆಯಾ ನೋಡಿ. ಬಿಸಿ ಇರುವಾಗ ತೆಗೆದ್ರೆ ಮುಖಕ್ಕೇ ಹಾರುತ್ತೆ.

ಎರಡು: ಆಯಿಲ್ ಮುಚ್ಚಳ, ಆಯಿಲ್ ಅಳೆಯುವ ಕಡ್ಡಿ ಸರಿಯಾಗಿ ಕೂತಿದೆಯಾ ನೋಡಿ.

ನಿರೂಪಕಿ: ಆಯಿಲ್ ಮುಚ್ಚಳಕ್ಕೂ ಐಡ್ಲಿಂಗ್‌ಗೂ ಏನು ಸಂಬಂಧ?

ಅತಿಥಿ: ಒಳ್ಳೇ ಪ್ರಶ್ನೆ. ನನ್ನ ಕಾರಿನಲ್ಲಿ ಗಾಳಿ ಅಳೆಯೋದು ರೆಕ್ಕೆಯಂಥ ಒಂದು ತಟ್ಟೆ ಇರುವ ಏರ್ ಫ್ಲೋ ಮೀಟರ್. ಗಾಳಿ ತಳ್ಳಿದಷ್ಟು ರೆಕ್ಕೆ ತೆರೆಯುತ್ತೆ. ಆ ಮೀಟರ್ ದಾಟಿದ ಮೇಲೆ ಎಲ್ಲೇ ತೂತು ಇದ್ರೂ ಅಲ್ಲಿಂದ ನುಗ್ಗುವ ಗಾಳಿ ಲೆಕ್ಕಕ್ಕೆ ಸಿಗಲ್ಲ. ಟಿಕೆಟ್ ತಗೊಳ್ಳದೆ ಹಿಂದಿನ ಬಾಗಿಲಿಂದ ಬಸ್ ಹತ್ತಿದ ಹಾಗೆ. ಕಂಡಕ್ಟರ್ ಲೆಕ್ಕದಲ್ಲಿ ಇಪ್ಪತ್ತು ಜನ, ಬಸ್ಸಲ್ಲಿ ಇಪ್ಪತ್ತೈದು. ಇಸಿಯು ಇಪ್ಪತ್ತಕ್ಕೆ ಸಾಕಾಗುವಷ್ಟೇ ಪೆಟ್ರೋಲ್ ಬಿಡುತ್ತೆ. ಮಿಶ್ರಣ ತೆಳುವಾಗಿ ಇಂಜಿನ್ ಸಾಯುತ್ತೆ. ಇಂಜಿನ್ನಿನ ಒಳಗಿನ ಆವಿಯನ್ನು ಎಳೆದುಕೊಳ್ಳಲು ಅಲ್ಲಿಂದ ಪೈಪ್‌ಗಳು ಇರೋದ್ರಿಂದ ಆಯಿಲ್ ಮುಚ್ಚಳ ಸಡಿಲವಾದ್ರೂ ಅದು ಹಿಂದಿನ ಬಾಗಿಲೇ.

ಇದನ್ನೇ ಪರೀಕ್ಷೆಯಾಗಿ ಬಳಸಬಹುದು. ಐಡಲ್‌ನಲ್ಲಿ ಓಡುವಾಗ ಆಯಿಲ್ ಮುಚ್ಚಳ ಮೆಲ್ಲಗೆ ಎತ್ತಿ. ಇಂಜಿನ್ ಸ್ವರ ಕೆಡಬೇಕು. ಏನೂ ಬದಲಾಗಲಿಲ್ಲ ಅಂದ್ರೆ ಆ ದಾರಿ ಕಟ್ಟಿಕೊಂಡಿರಬಹುದು, ಇಲ್ಲಾ ಬೇರೆ ಕಡೆ ದೊಡ್ಡ ತೂತು ಇರಬಹುದು.

ಮೂರು: ರಬ್ಬರ್. ಮೂವತ್ತು ವರ್ಷದ ಕಾರಿನಲ್ಲಿ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತೆ. ಬ್ರೇಕ್ ಬೂಸ್ಟರ್ ಪೈಪ್, ಸಣ್ಣ ವ್ಯಾಕ್ಯೂಮ್ ಪೈಪ್‌ಗಳು, ಪಿಸಿವಿ ವಾಲ್ವ್ ಕೂರುವ ರಬ್ಬರ್ ಬುಷ್, ಮೀಟರ್‌ನಿಂದ ಥ್ರಾಟಲ್‌ಗೆ ಹೋಗುವ ದಪ್ಪ ಪೈಪ್, ಎಲ್ಲ ಮುಟ್ಟಿ, ಬಗ್ಗಿಸಿ ನೋಡಿ. ಬರೀ ಕಣ್ಣಲ್ಲಿ ನೋಡಿದ್ರೆ ಸಾಲದು. ಸಣ್ಣ ಪೈಪನ್ನ ಒಂದು ಕ್ಷಣ ಬೆರಳಲ್ಲಿ ಅದುಮಿ, ಇಂಜಿನ್ ಸ್ವರ ಬದಲಾಗುತ್ತಾ ಕೇಳಿ.

ನಿರೂಪಕಿ: ಸ್ಪ್ರೇ ಹೊಡೆದು ಲೀಕ್ ಹುಡುಕೋ ವಿಡಿಯೋಗಳು ತುಂಬಾ ಇವೆ.

ಅತಿಥಿ: ಇವೆ. ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಬೇಗ ಬೆಂಕಿ ಹತ್ತುವ ವಸ್ತು, ಪಕ್ಕದಲ್ಲೇ ಕಾದ ಸೈಲೆನ್ಸರ್ ಪೈಪ್. ನಾನು ಬೇಡ ಅಂತೀನಿ. ಗಿಡಕ್ಕೆ ನೀರು ಸಿಂಪಡಿಸೋ ಬಾಟಲಿಯಲ್ಲಿ ಸೋಪಿನ ನೀರು ಹಾಕಿ ಅನುಮಾನ ಇರುವ ಜಾಯಿಂಟ್ ಮೇಲೆ ಸ್ವಲ್ಪ ಸ್ವಲ್ಪ ಬಿಡಿ, ಪ್ಲಗ್ ವೈರ್‌ಗೆ ತಾಗದ ಹಾಗೆ. ಲೀಕ್ ಇದ್ರೆ ಆ ಕ್ಷಣಕ್ಕೆ ಸ್ವರ ಬದಲಾಗುತ್ತೆ. ಒಳ್ಳೆಯ ಗ್ಯಾರೇಜ್‌ಗಳಲ್ಲಿ ಹೊಗೆ ತುಂಬುವ ಯಂತ್ರ ಇರುತ್ತೆ. ತೂತು ಇದ್ದಲ್ಲಿ ಹೊಗೆ ಹೊರಬರುತ್ತೆ. ಅದಕ್ಕೆ ಕೊಟ್ಟ ದುಡ್ಡು ದಂಡ ಅಲ್ಲ.

ನಾಲ್ಕು: ಉರಿ. ಹಳೆಯ ಪ್ಲಗ್ ವೈರ್‌ನಲ್ಲಿ ಕಿಡಿ ಸೋರುತ್ತೆ. ರಾತ್ರಿ ಕತ್ತಲಲ್ಲಿ ಬಾನೆಟ್ ಎತ್ತಿ, ಕೈ ಹಾಕದೆ ದೂರದಿಂದ ನೋಡಿದ್ರೆ ಕೆಲವೊಮ್ಮೆ ನೀಲಿ ಕಿಡಿ ಕಣ್ಣಿಗೇ ಕಾಣುತ್ತೆ.

ಐದು: ಥ್ರಾಟಲ್ ಬಾಡಿ ಸ್ವಚ್ಛ ಮಾಡೋದು. ಬಾಗಿಲಿನ ಅಂಚಿನಲ್ಲಿ ಕಪ್ಪು ಮಸಿ ಉಂಗುರದ ಹಾಗೆ ಕಟ್ಟಿರುತ್ತೆ. ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ, ಅದಕ್ಕೇ ಇರುವ ಕ್ಲೀನರನ್ನ ಬಟ್ಟೆಗೆ ಹಾಕಿ ಒರೆಸಿ. ಕೆರೆಯಬೇಡಿ. ಹೊಸ ಕಾರುಗಳಲ್ಲಿ ಕೇಬಲ್ ಬದಲು ಮೋಟರ್ ಇರುತ್ತೆ, ಅಲ್ಲಿ ಬಾಗಿಲನ್ನ ಕೈಯಿಂದ ತಳ್ಳಬೇಡಿ. ಥ್ರಾಟಲ್ ಬಾಡಿ ಕೆಳಗಿರುವ ವಾಲ್ವ್ ದಾರಿಯಲ್ಲೂ ಇದೇ ಮಸಿ ಕೂತು ವಾಲ್ವ್ ಅಂಟಿಕೊಳ್ಳುತ್ತೆ.

ಆರು: ಥ್ರಾಟಲ್ ಸ್ವಿಚ್. ನನ್ನ ಕಾರಿನಲ್ಲಿ ಇದು ‘ಕಾಲು ತೆಗೆದಿದ್ದಾರೆ’, ‘ಪೂರ್ತಿ ಒತ್ತಿದ್ದಾರೆ’ ಅಂತ ಎರಡೇ ವಿಷಯ ಹೇಳುತ್ತೆ. ಕಾಲು ತೆಗೆದದ್ದು ಇಸಿಯುಗೆ ಗೊತ್ತಾಗಲಿಲ್ಲ ಅಂದ್ರೆ ಐಡಲ್ ಸಂಭಾಳಿಸೋ ಕೆಲಸವನ್ನೇ ಅದು ಶುರು ಮಾಡಲ್ಲ. ಮಲ್ಟಿಮೀಟರ್ ಇದ್ರೆ ಎರಡು ನಿಮಿಷದ ಪರೀಕ್ಷೆ.

ಏಳು: ಇಸಿಯು ತಾನೇ ಏನು ಹೇಳುತ್ತೆ ಕೇಳಿ. ಈ ಕಾಲದ ಮಜ್ದಾಗಳಲ್ಲಿ ದೀಪ ಮಿಟುಕುವುದನ್ನು ಎಣಿಸಿ ಕೋಡ್ ಓದ್ತಾರೆ. 34 ಬಂದ್ರೆ ಐಡಲ್ ವಾಲ್ವ್‌ನ ಸರ್ಕ್ಯೂಟ್. ಆದ್ರೆ ಕೋಡ್ ಇಲ್ಲ ಅಂದ್ರೆ ದೋಷವೇ ಇಲ್ಲ ಅಂತಲ್ಲ. ಹರಿದ ಪೈಪಿಗೆ ವೈರ್ ಇಲ್ಲವಲ್ಲ, ಅದು ಕೋಡ್ ಕೊಡೋದಿಲ್ಲ.

ಸಿಕ್ಕಿದ್ದು ಎಲ್ಲಿ?

ನಿರೂಪಕಿ: ಸರಿ, ನಿಮ್ಮ ಕಾರಿನಲ್ಲಿ ಕೊನೆಗೆ ಸಿಕ್ಕಿದ್ದೇನು?

ಅತಿಥಿ: ಮೂರನೇ ಹಂತದಲ್ಲೇ ಸಿಕ್ತು. ಮೀಟರ್‌ನಿಂದ ಥ್ರಾಟಲ್‌ಗೆ ಹೋಗುವ ರಬ್ಬರ್ ಪೈಪಿನಲ್ಲಿ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆಗಳಿವೆ. ಮೇಲಿಂದ ನೋಡಿದ್ರೆ ಹೊಸದರ ಹಾಗೆ ಇತ್ತು. ಬಿಚ್ಚಿ, ಮಗಳ ಕೈಗೆ ಟಾರ್ಚ್ ಕೊಟ್ಟು, ಮಡಿಕೆಗಳನ್ನ ಒಂದೊಂದಾಗಿ ಬಗ್ಗಿಸಿದೆ. ಕೆಳಗಿನ ಭಾಗದಲ್ಲಿ ಹೆಬ್ಬೆರಳ ಉದ್ದದ ಸೀಳು. ‘ಅಪ್ಪಾ, ಇಲ್ಲಿ ಬೆಳಕು ಬರ್ತಿದೆ’ ಅಂತ ಮೊದಲು ನೋಡಿದ್ದು ಅವಳೇ.

ನಿರೂಪಕಿ: ಆದ್ರೆ ತೂತು ಯಾವಾಗಲೂ ಇತ್ತಲ್ಲ? ತಿರುವಿನಲ್ಲೇ ಯಾಕೆ ಆಫ್ ಆಗೋದು?

ಅತಿಥಿ: ಇಂಜಿನ್ ರಬ್ಬರ್ ಮೌಂಟ್‌ಗಳ ಮೇಲೆ ಕೂತಿರುತ್ತೆ. ವೇಗ ಏರಿಸಿದಾಗ, ಇಳಿಸಿದಾಗ, ಕ್ಲಚ್ ಒತ್ತಿದಾಗ ಸ್ವಲ್ಪ ಓಲಾಡುತ್ತೆ. ಆಗ ಪೈಪ್ ಎಳೆದ ಹಾಗಾಗಿ ಸೀಳು ಬಾಯಿ ತೆರೆಯೋದು. ನಿಂತಲ್ಲಿ ಮುಚ್ಚಿಕೊಳ್ಳೋದು. ಅದರ ಮೇಲೆ ಸ್ಟೀರಿಂಗ್ ತಿರುಗಿಸಿದ ಭಾರ ಬೇರೆ. ಅದಕ್ಕೇ ಗ್ಯಾರೇಜಿನಲ್ಲಿ ನಿಲ್ಲಿಸಿ ನೋಡಿದವರಿಗೆ ಏನೂ ಕಾಣಲಿಲ್ಲ. ಮೊದಲು ಟೇಪ್ ಸುತ್ತಿ ಖಾಲಿ ರಸ್ತೆಯಲ್ಲಿ ಓಡಿಸಿ ನೋಡಿದೆ, ಖಾತ್ರಿ ಆಯ್ತು. ಆಮೇಲೆ ಹೊಸ ಪೈಪ್ ಹಾಕಿದೆ.

ಹಾಕಿದ ತಕ್ಷಣ ಐಡಲ್ 1400ಕ್ಕೆ ಹೋಯ್ತು!

ನಿರೂಪಕಿ: ಅಯ್ಯೋ, ಇದೇನು ಹೊಸ ಕಾಯಿಲೆ?

ಅತಿಥಿ: ಹಳೇ ಮಾತ್ರೆಯ ಪರಿಣಾಮ. ಲೀಕ್ ಇದ್ದಾಗ ಸರಿದೂಗಿಸಲು ಸ್ಕ್ರೂ ತೆರೆದಿದ್ರಲ್ಲ? ಈಗ ಲೀಕ್ ಹೋಯ್ತು, ಸ್ಕ್ರೂ ತೆರೆದೇ ಇದೆ. ಸ್ಕ್ರೂ ಮುಟ್ಟಬೇಕಾದದ್ದು ಈಗ, ಎಲ್ಲ ಮುಗಿದ ಮೇಲೆ. ಅದಕ್ಕೂ ಕ್ರಮ ಇದೆ. ಇಂಜಿನ್ ಪೂರ್ತಿ ಬಿಸಿಯಾಗಿರಬೇಕು. ಲೈಟ್, ಏಸಿ, ರೇಡಿಯೇಟರ್ ಫ್ಯಾನ್ ಯಾವುದೂ ಓಡ್ತಿರಬಾರದು. ಇಂಜಿನ್ ಪಕ್ಕದ ಡಯಾಗ್ನೋಸಿಸ್ ಡಬ್ಬಿಯಲ್ಲಿ ‘ಟಿಇಎನ್’ ಮತ್ತು ‘ಜಿಎನ್‌ಡಿ’ ಅನ್ನೋ ಎರಡು ಪಿನ್‌ಗಳನ್ನ ತುಂಡು ವೈರ್‌ನಿಂದ ಜೋಡಿಸಬೇಕು. ಬೇರೆ ಪಿನ್‌ಗೆ ತಾಗಿದ್ರೆ ಫ್ಯೂಸ್ ಹೋಗಬಹುದು, ಎರಡು ಸಲ ಓದಿ ಹಾಕಿ. ಜೋಡಿಸಿದಾಗ ಇಸಿಯು ತನ್ನ ತಿದ್ದುಪಡಿ ನಿಲ್ಲಿಸಿ ಸುಮ್ಮನಾಗುತ್ತೆ. ಆಗ ಟೈಮಿಂಗ್ ಲೈಟ್‌ನಲ್ಲಿ ಇಗ್ನಿಷನ್ 10 ಡಿಗ್ರಿಯಲ್ಲಿ ಇದೆಯಾ ನೋಡಿ, ಥ್ರಾಟಲ್ ಬಾಡಿಯ ಮೇಲಿನ ಸಣ್ಣ ಮುಚ್ಚಳದ ಕೆಳಗಿರುವ ಗಾಳಿಯ ಸ್ಕ್ರೂ ತಿರುಗಿಸಿ 850ಕ್ಕೆ ತರಬೇಕು. ಆಮೇಲೆ ವೈರ್ ತೆಗೆಯಬೇಕು. ಬಾಗಿಲಿನ ತಟ್ಟೆಯನ್ನೇ ತಡೆಯುವ ಇನ್ನೊಂದು ಸ್ಕ್ರೂ ಇದೆ, ಅದು ಕಾರ್ಖಾನೆಯಲ್ಲಿ ಹೊಂದಿಸಿದ್ದು. ಅದನ್ನ ಮುಟ್ಟಲೇಬೇಡಿ.

ಈ ಪಿನ್‌ಗಳ ಹೆಸರು, ಅಂಕಿಗಳು ನನ್ನ ಕಾರಿನವು. ನಿಮ್ಮ ಗಾಡಿಗೆ ನಿಮ್ಮ ಗಾಡಿಯ ಸರ್ವಿಸ್ ಪುಸ್ತಕವೇ ಪ್ರಮಾಣ.

ನಿರೂಪಕಿ: ನಮ್ಮ ಕೇಳುಗರಲ್ಲಿ ಮಿಯಾಟಾ ಇರೋರು ಬಹಳ ಕಡಿಮೆ. ಅವರಿಗೆ ಇದ್ರಲ್ಲಿ ಏನಿದೆ?

ಅತಿಥಿ: ಹಳೇ ಮಾರುತಿ ಇರಲಿ, ಅಪ್ಪನ ಬೈಕ್ ಇರಲಿ, ಹೊಸ ಸ್ಕೂಟರ್ ಇರಲಿ, ವಿದ್ಯೆ ಒಂದೇ. ಇಂಜಿನ್ನಿಗೆ ಬೇಕಾದ್ದು ಸರಿಯಾದ ಗಾಳಿ, ಅದಕ್ಕೆ ತಕ್ಕ ಪೆಟ್ರೋಲ್, ಸರಿಯಾದ ಹೊತ್ತಿಗೆ ಕಿಡಿ. ಹೊಸ ಗಾಡಿ ಆದ್ರೆ ಸ್ಕ್ಯಾನರ್ ಹಾಕಿಸಿ ನೋಡಿ. ‘ಸ್ವಲ್ಪ ಐಡ್ಲಿಂಗ್ ಏರಿಸಿಬಿಡ್ತೀನಿ’ ಅಂತ ಯಾರಾದ್ರೂ ಅಂದ್ರೆ ಒಂದೇ ಪ್ರಶ್ನೆ ಕೇಳಿ: ‘ಇಷ್ಟು ದಿನ ಸರಿಯಾಗಿತ್ತಲ್ಲ ಅಣ್ಣಾ, ಇಳಿದಿದ್ದು ಯಾಕೆ?’ ಉತ್ತರ ಸಿಗೋವರೆಗೂ ಸ್ಕ್ರೂಡ್ರೈವರ್ ಪೆಟ್ಟಿಗೆಯಲ್ಲೇ ಇರಲಿ. ಮತ್ತೆ, ಚಲಿಸುವಾಗ ಆಫ್ ಆಗೋ ಗಾಡಿಯನ್ನ ದಯವಿಟ್ಟು ‘ನೋಡೋಣ ಬಿಡು’ ಅಂತ ಟ್ರಾಫಿಕ್‌ಗೆ ತರಬೇಡಿ.

ನಿರೂಪಕಿ: ಕಾರು ಮಾರಲಿಲ್ಲ ತಾನೇ?

ಅತಿಥಿ: ಇಲ್ಲ. ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರೀತಾರೆ, ಗಾಡಿ ತುಕ್ಕು ಹಿಡಿಯುತ್ತೆ. ಅದಕ್ಕೆ ಈಗ ಶೆಡ್‌ನಲ್ಲಿ ಮಲಗಿದೆ. ಏಪ್ರಿಲ್‌ನಲ್ಲಿ ಹೊರಗೆ ತೆಗೆಯುವಾಗ ಮೊದಲು ಪೈಪ್‌ಗಳನ್ನ ಬಗ್ಗಿಸಿ ನೋಡೋ ಕೆಲಸ ಮಗಳದ್ದು. ಅವಳು ನೋಡಿ ಸರಿ ಅಂದ ಮೇಲೇ ಕೀ ತಿರುಗಿಸೋದು.

ನಿರೂಪಕಿ: ಕೇಳುಗರೇ, ನಿಮ್ಮ ಗಾಡಿ ಸಿಗ್ನಲ್‌ನಲ್ಲಿ ಏನು ಆಟ ಆಡುತ್ತೆ ಅಂತ ವಾಯ್ಸ್ ನೋಟ್ ಕಳಿಸಿ. ತಣ್ಣಗಿದ್ದಾಗಲೋ ಬಿಸಿಯಾದ ಮೇಲೋ ಅನ್ನೋದನ್ನ ಮರೀದೆ ಹೇಳಿ.